ಮುಷ್ಟಿಯುದ್ಧದಲ್ಲಿ ಮೂರ್ತಿ ಮತ್ತು ಕೀರ್ತಿ

2024ರ ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿದ್ದ ದಿನಗಳಲ್ಲಿ ನನ್ನ ತಂಗಿಯ ಮೊಮ್ಮಗ ಒಂದು ಪ್ರಶ್ನೆ ಕೇಳಿದ. "ತಾತಾ, ನೂರು ಮೀಟರ್ ಓಟದಲ್ಲಿ ಕುಳ್ಳರಿಗೊಂದು, ಉದ್ದನೆಯವರಿಗೊಂದು ಅಂತ ಬೇರೆ ಬೇರೆ ಓಟ ಇಲ್ಲ. ಬಾಕ್ಸಿಂಗ್‌ನಲ್ಲಿ ಮಾತ್ರ ಯಾಕೆ ಇಷ್ಟೊಂದು ಚಿನ್ನದ ಪದಕ?" ಲೆಕ್ಕ ಹಾಕಿದರೆ ಹುಡುಗನ ಮಾತು ನಿಜ. ಪ್ಯಾರಿಸ್‌ನಲ್ಲಿ ಬಾಕ್ಸಿಂಗ್‌ಗೆ ಪುರುಷರಲ್ಲಿ ಏಳು, ಮಹಿಳೆಯರಲ್ಲಿ ಆರು, ಒಟ್ಟು ಹದಿಮೂರು ಚಿನ್ನದ ಪದಕಗಳಿದ್ದವು. ನಾನು ಇತಿಹಾಸದ ಪಾಠ ಹೇಳಿದವನೇ ಹೊರತು ಕೈಗೆ ಗವಸು ತೊಟ್ಟವನಲ್ಲ. ಆದರೆ ಈ ಪ್ರಶ್ನೆಗೆ ಉತ್ತರವಿರುವುದು ಇತಿಹಾಸದಲ್ಲಿಯೇ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸ್ವತಃ ಅಜ್ಜ ಅಜ್ಜಿಯರಾಗುವ ಹಂತದಲ್ಲಿದ್ದೀರಿ. ನಾಳೆ ನಿಮ್ಮ ಮನೆಯ ಮಕ್ಕಳೂ ಇದನ್ನೇ ಕೇಳಿಯಾರು ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಸಮಾನರ ಕಾಳಗ ನ್ಯಾಯವೇ ಎಂಬ ಜಿಜ್ಞಾಸೆ ನಮ್ಮ ನಾಡಿಗೆ ಹೊಸತಲ್ಲ. ಭಾಗವತದ ದಶಮ ಸ್ಕಂಧದಲ್ಲಿ ಕಂಸನ ಮಲ್ಲರಂಗದ ಪ್ರಸಂಗವನ್ನು ನೆನಪಿಸಿಕೊಳ್ಳಿ. ಒಂದೆಡೆ ಪರ್ವತಾಕಾರದ ಚಾಣೂರ ಮತ್ತು ಮುಷ್ಟಿಕ. ಇನ್ನೊಂದೆಡೆ ಗೋಕುಲದಿಂದ ಬಂದ ಇಬ್ಬರು ಹುಡುಗರು. ಕೃಷ್ಣ ಮೊದಲಿಗೆ ಹೇಳುವುದೇನೆಂದರೆ, ನಾವು ಬಾಲಕರು, ನಮಗೆ ಸಮಬಲರಾದವರೊಡನೆ ಆಡುತ್ತೇವೆ, ಇಲ್ಲವಾದರೆ ಸಭೆಗೆ ಅಧರ್ಮದ ಸೋಂಕು ತಗುಲೀತು ಎಂದು. ಕಾಳಗ ಆರಂಭವಾದ ಮೇಲೆ ನೋಡಲು ಬಂದ ಮಥುರೆಯ ಸ್ತ್ರೀಯರು ತಮ್ಮತಮ್ಮಲ್ಲೇ ಮರುಗುತ್ತಾರೆ. ಬಲಿಷ್ಠನಿಗೂ ದುರ್ಬಲನಿಗೂ ಕಾಳಗ ಹೂಡಿ ನೋಡುತ್ತ ಕುಳಿತ ಸಭಾಸದರದು ದೊಡ್ಡ ಅಧರ್ಮ ಎನ್ನುತ್ತಾರೆ. ಗೆದ್ದವರು ಕೃಷ್ಣ ಬಲರಾಮರೇ ಎಂಬುದು ಎಲ್ಲರಿಗೂ ತಿಳಿದದ್ದು. ಹರಿಕಥೆಯಲ್ಲಿ ಆ ಗೆಲುವಿನ ಸಂಭ್ರಮದ ನಡುವೆ ಹೆಂಗಸರ ಆಕ್ಷೇಪಣೆ ಮರೆತೇ ಹೋಗುತ್ತದೆ. ನನಗಾದರೋ ಆ ಪ್ರಸಂಗದ ತಿರುಳು ಅಲ್ಲೇ ಇದೆ ಎನಿಸುತ್ತದೆ. ಎದುರಿಗೆ ನಿಂತವನು ಅವತಾರ ಪುರುಷನಾಗಿದ್ದರಿಂದ ಸರಿಹೋಯಿತು, ಸಾಮಾನ್ಯ ಹುಡುಗನಾಗಿದ್ದರೆ?

ಪ್ರಾಚೀನ ಗ್ರೀಕರು ಈ ಪ್ರಶ್ನೆಯನ್ನು ಹೆಚ್ಚು ತಲೆಗೆ ಹಚ್ಚಿಕೊಳ್ಳಲಿಲ್ಲ. ಒಲಿಂಪಿಯಾದ ಕ್ರೀಡೆಗಳಿಗೆ ಮುಷ್ಟಿಯುದ್ಧ ಸೇರಿದ್ದು ಸಾಂಪ್ರದಾಯಿಕ ಗಣನೆಯಂತೆ ಕ್ರಿ.ಪೂ. 688ರಲ್ಲಿ. ಅಲ್ಲಿ ಸುತ್ತುಗಳಿರಲಿಲ್ಲ, ವಿರಾಮವಿರಲಿಲ್ಲ. ಒಬ್ಬ ಸೋಲೊಪ್ಪುವವರೆಗೆ ಅಥವಾ ಏಳಲಾರದೆ ಬೀಳುವವರೆಗೆ ಹೊಡೆದಾಟ. ಬಾಲಕರು, ವಯಸ್ಕರು ಎಂಬ ವಯೋಭೇದವಿತ್ತೇ ಹೊರತು ತೂಕದ ವರ್ಗಗಳಿರಲಿಲ್ಲ. ಸಹಜವಾಗಿಯೇ ಅದು ಭಾರಿ ಆಳುಗಳ ಕ್ರೀಡೆಯಾಯಿತು.

ಆಧುನಿಕ ಬಾಕ್ಸಿಂಗ್‌ನ ತವರು ಇಂಗ್ಲೆಂಡ್. 1743ರಲ್ಲಿ ಜಾಕ್ ಬ್ರೌಟನ್ ಎಂಬ ಮಲ್ಲ ಮೊದಲ ನಿಯಮಾವಳಿ ರಚಿಸಿದ. ಬಿದ್ದವನನ್ನು ಹೊಡೆಯಕೂಡದು, ಸೊಂಟದ ಕೆಳಗೆ ಹಿಡಿಯಕೂಡದು ಎಂಬಂತಹ ವಿಧಿಗಳು ಅದರಲ್ಲಿದ್ದವು. ತೂಕದ ಮಾತು ಒಂದಕ್ಷರವೂ ಇರಲಿಲ್ಲ. ಬರಿಗೈಯ ಕಾಳಗದ ಆ ಯುಗದಲ್ಲಿ ಡೇನಿಯಲ್ ಮೆಂಡೋಜಾ ಎಂಬ ಯಹೂದಿ ತರುಣ ತನಗಿಂತ ದಪ್ಪನೆಯವರನ್ನು ಸೋಲಿಸಿ ಹೆಸರಾದ. ಅವನ ಎತ್ತರ ಐದಡಿ ಏಳಂಗುಲ, ತೂಕ ಸುಮಾರು 160 ಪೌಂಡ್, ಅಂದರೆ 72-73 ಕಿಲೊ. ಅಲ್ಲಿಯವರೆಗೆ ಎದುರುಬದುರು ನಿಂತು ಗುದ್ದಿಸಿಕೊಂಡು ಗುದ್ದುವುದೇ ಗಂಡಸುತನ ಎನ್ನಿಸಿಕೊಂಡಿತ್ತು. ಮೆಂಡೋಜಾ ಪಕ್ಕಕ್ಕೆ ಸರಿಯುವುದನ್ನೂ ಗುದ್ದನ್ನು ಕೈಯಿಂದ ತಡೆಯುವುದನ್ನೂ ಒಂದು ಶಾಸ್ತ್ರವಾಗಿ ಬೆಳೆಸಿದ, 1789ರಲ್ಲಿ ಪುಸ್ತಕವನ್ನೂ ಬರೆದ. ಹೀಗೆ ಬಾಕ್ಸಿಂಗ್‌ನಲ್ಲಿ ಕಾಲಿನ ಕೆಲಸಕ್ಕೆ ಮಾನ ತಂದುಕೊಟ್ಟದ್ದು ಸಣ್ಣಾಳಿನ ಅನಿವಾರ್ಯತೆ. ಆದರೂ 1795ರಲ್ಲಿ ತನಗಿಂತ ಎತ್ತರವೂ ಬಹಳ ಭಾರವೂ ಆಗಿದ್ದ ಜಾನ್ ಜಾಕ್ಸನ್‌ನ ಎದುರು ಆ ಶಾಸ್ತ್ರ ಹತ್ತು ಹನ್ನೊಂದು ನಿಮಿಷ ಮಾತ್ರ ನಡೆಯಿತು. ಜಾಕ್ಸನ್ ಒಂದು ಕೈಯಿಂದ ಮೆಂಡೋಜಾನ ಉದ್ದ ಕೂದಲನ್ನು ಹಿಡಿದು ಇನ್ನೊಂದು ಕೈಯಿಂದ ಗುದ್ದಿದ. ಆಗಿನ ನಿಯಮದಲ್ಲಿ ಅದಕ್ಕೆ ತಡೆಯಿರಲಿಲ್ಲ.

ತೂಕದ ಅಂತರ ಎಂದರೇನು ಎಂಬುದು ಇಡೀ ಲೋಕಕ್ಕೆ ಕಣ್ಣಿಗೆ ಕಟ್ಟುವಂತೆ ಕಂಡದ್ದು 1860ರ ಏಪ್ರಿಲ್ 17ರಂದು. ಇಂಗ್ಲೆಂಡಿನ ಫಾರ್ನ್‌ಬರೋ ಬಳಿಯ ಹೊಲವೊಂದರಲ್ಲಿ ಟಾಮ್ ಸೇಯರ್ಸ್ ಎಂಬ ಆಂಗ್ಲನಿಗೂ ಜಾನ್ ಹೀನನ್ ಎಂಬ ಅಮೆರಿಕನ್ನನಿಗೂ ಕಾಳಗ. ಸೇಯರ್ಸ್ ಐದಡಿ ಎಂಟಂಗುಲ, ಸುಮಾರು 150 ಪೌಂಡ್ (68 ಕಿಲೊ). ಹೀನನ್ ಆರಡಿಗೂ ಮೇಲೆ, ಸುಮಾರು 195 ಪೌಂಡ್ (88 ಕಿಲೊ); ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವನು ಬೇರೆ. ಇಂತಹ ಕಾಳಗ ಕಾನೂನುಬಾಹಿರವಾಗಿದ್ದರೂ ಲಂಡನ್ನಿನಿಂದ ವಿಶೇಷ ರೈಲುಗಳಲ್ಲಿ ಜನ ಬೆಳಗಿನ ಜಾವವೇ ಬಂದು ಸೇರಿದ್ದರು. ಆರಂಭದ ಸುತ್ತುಗಳಲ್ಲೇ ಹೀನನ್‌ನ ಗುದ್ದುಗಳನ್ನು ತಡೆದು ತಡೆದು ಸೇಯರ್ಸ್‌ನ ಬಲಗೈ ಊದಿ ನಿಷ್ಪ್ರಯೋಜಕವಾಯಿತು. ಗಮನಿಸಿ, ಗುದ್ದು ತಿಂದು ಹೋದದ್ದಲ್ಲ, ತಡೆದೇ ಹೋದದ್ದು. ಉಳಿದ ಎರಡು ಗಂಟೆ ಆತ ಕಾದಾಡಿದ್ದು ಎಡಗೈಯೊಂದರಿಂದ. ಮತ್ತೆಮತ್ತೆ ನೆಲಕ್ಕುರುಳಿದರೂ ಎದ್ದು ಬಂದು ಹೀನನ್‌ನ ಕಣ್ಣಿನ ಸುತ್ತಲೇ ಹೊಡೆಯುತ್ತಿದ್ದ. ಹೀನನ್‌ನ ಮುಖ ಊದಿಕೊಂಡು ದೃಷ್ಟಿ ಮಂಜಾಗತೊಡಗಿತು. ಕೊನೆಗೆ ಹೀನನ್ ಎದುರಾಳಿಯ ಕತ್ತನ್ನು ಹಗ್ಗಕ್ಕೆ ಅದುಮಿ ಹಿಡಿದಾಗ ಗದ್ದಲವೆದ್ದು, ಯಾರೋ ಹಗ್ಗ ಕತ್ತರಿಸಿ, ಜನ ಒಳನುಗ್ಗಿದರು. ಫಲಿತಾಂಶ ಸಮ ಎಂದಾಯಿತು. ಅಭಿಮಾನಿಗಳು ಮೂರು ಸಾವಿರ ಪೌಂಡ್ ನಿಧಿ ಕೂಡಿಸಿ ಇನ್ನು ಕಾದಾಡಬೇಡ ಎಂದು ಸೇಯರ್ಸ್‌ಗೆ ಒಪ್ಪಿಸಿದರು. ಐದು ವರ್ಷಗಳಲ್ಲಿ, ಮೂವತ್ತೊಂಬತ್ತರ ವಯಸ್ಸಿನಲ್ಲಿ ಆತ ತೀರಿಕೊಂಡ. ಲಂಡನ್ನಿನ ಹೈಗೇಟ್ ಸ್ಮಶಾನದ ಅವನ ಸಮಾಧಿಯ ಮೇಲೆ ಅವನ ನಾಯಿಯ ಕಲ್ಲಿನ ಪ್ರತಿಮೆ ಇಂದಿಗೂ ಇದೆ.

"ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಎಂಬ ನಮ್ಮ ಗಾದೆಗೆ ಸೇಯರ್ಸ್ ಒಳ್ಳೆಯ ಉದಾಹರಣೆ. ಆದರೆ ಗಾದೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಅಂತಹವನ ಕೀರ್ತಿ ದೊಡ್ಡದಾದದ್ದೇ ಅದು ಅಪರೂಪವಾದ್ದರಿಂದ. ದೊಡ್ಡಾಳಿನ ಕೈಯಲ್ಲಿ ನಜ್ಜುಗುಜ್ಜಾದ ನೂರಾರು ಸಣ್ಣಾಳುಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ತೂಕದ ನಿಯಮ ಹುಟ್ಟಿದ್ದು ಅವರಿಗಾಗಿ.

ಇಲ್ಲಿ ನನ್ನ ಜೊತೆಗಿದ್ದ ವಿಜ್ಞಾನ ಶಿಕ್ಷಕರ ಪಾಠವನ್ನು ಒಂದಿಷ್ಟು ಎರವಲು ಪಡೆಯುತ್ತೇನೆ. ಚಲಿಸುವ ವಸ್ತುವಿನ ಸಂವೇಗ ಎಂದರೆ ಅದರ ರಾಶಿ ಮತ್ತು ವೇಗಗಳ ಗುಣಲಬ್ಧ. ಗುದ್ದು ಬರುವುದು ಬರಿಯ ಮುಂಗೈಯಿಂದಲ್ಲ. ಪಾದದಿಂದ ಹೊರಟು, ಸೊಂಟ ತಿರುಗಿ, ಭುಜದ ಮೂಲಕ ಮುಷ್ಟಿಗೆ ಬರುತ್ತದೆ. ಆದುದರಿಂದ ಹಿಂದೆ ನಿಂತ ದೇಹದ ತೂಕಕ್ಕೆ ಬೆಲೆಯುಂಟು. ಪೆಟ್ಟು ತಿನ್ನುವ ಕಡೆಯಿಂದ ನೋಡಿದರೂ ಅಷ್ಟೇ. ಒಂದೇ ಗುದ್ದು ಸಣ್ಣ ಕತ್ತಿನ ಮೇಲಿರುವ ತಲೆಯನ್ನು ಹೆಚ್ಚು ರಭಸದಿಂದ ತಿರುಗಿಸುತ್ತದೆ. ಪ್ರಜ್ಞೆ ತಪ್ಪಿಸುವುದು ಆ ತಿರುವು. ಎರಡನೆಯದು ತೋಳಿನ ಚಾಚು. ಇವನ ಮುಷ್ಟಿ ಅವನ ಗಲ್ಲವನ್ನು ಮುಟ್ಟುವ ಮೊದಲೇ ಅವನ ಮುಷ್ಟಿ ಇವನ ಮೂಗನ್ನು ಮುಟ್ಟಿರುತ್ತದೆ. ಮೈಕ್ ಟೈಸನ್ ಭಾರಿ ತೂಕದವರಲ್ಲಿ ಗಿಡ್ಡ. ತಲೆ ತಗ್ಗಿಸಿ ಎದುರಾಳಿಯ ಎದೆಯೊಳಕ್ಕೆ ನುಗ್ಗುವುದೇ ಅವನ ವಿದ್ಯೆ. 1990ರಲ್ಲಿ ಟೋಕಿಯೋದಲ್ಲಿ ಅವನನ್ನು ಬೀಳಿಸಿದ ಬಸ್ಟರ್ ಡಗ್ಲಸ್‌ನ ತೋಳುಗಳ ಹರವು ಟೈಸನ್‌ನದಕ್ಕಿಂತ ಹನ್ನೆರಡು ಅಂಗುಲ ಹೆಚ್ಚಾಗಿತ್ತು. ಮೂರನೆಯದು ನೋಡುಗರ ಕಣ್ಣಿಗೆ ಅಷ್ಟಾಗಿ ಬೀಳದ್ದು: ಇಬ್ಬರೂ ತೆಕ್ಕೆಗೆ ಬಿದ್ದಾಗ ಭಾರದವನು ತನ್ನ ಮೈಯನ್ನು ಹಗುರದವನ ಹೆಗಲ ಮೇಲೆ ಚೆಲ್ಲುತ್ತಾನೆ. ಹತ್ತು ಸುತ್ತು ಹೀಗೆ ಮೂಟೆ ಹೊತ್ತವನ ಕಾಲು ಹನ್ನೊಂದನೆಯ ಸುತ್ತಿನಲ್ಲಿ ಮಾತು ಕೇಳುವುದಿಲ್ಲ.

ನಿಯಮ ಬಂದದ್ದು ನಿಧಾನವಾಗಿ. ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಗವಸು, ಹತ್ತು ಎಣಿಸುವ ಪದ್ಧತಿ ಇವೆಲ್ಲ 1867ರ ಕ್ವೀನ್ಸ್‌ಬರಿ ನಿಯಮಗಳ ಕೊಡುಗೆ. ಅದೇ ವರ್ಷ ಲಂಡನ್ನಿನಲ್ಲಿ ಹವ್ಯಾಸಿಗಳ ಸ್ಪರ್ಧೆಯನ್ನು ಹಗುರ, ಮಧ್ಯಮ, ಭಾರಿ ಎಂಬ ಮೂರು ವರ್ಗಗಳಲ್ಲಿ ನಡೆಸಿದರು. ವೃತ್ತಿಪರರಲ್ಲಿ ಮಾತ್ರ ಸಂಘಟಕನೊಬ್ಬ ಹೇಳಿದ್ದೇ ಮಿತಿ, ಚಾಂಪಿಯನ್ ಒಪ್ಪಿದ್ದೇ ತೂಕ ಎಂಬಂತಿತ್ತು. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ವರ್ಗಗಳನ್ನು ಗೊತ್ತುಪಡಿಸಿತು: ಫ್ಲೈ 112 ಪೌಂಡ್, ಬ್ಯಾಂಟಮ್ 118, ಫೆದರ್ 126, ಲೈಟ್ 135, ವೆಲ್ಟರ್ 147, ಮಿಡಲ್ 160, ಲೈಟ್ ಹೆವಿ 175, ಅದರ ಮೇಲೆ ಮಿತಿಯಿಲ್ಲದ ಹೆವಿ. ನೊಣ, ಹುಂಜ, ಗರಿ ಎಂಬ ಹೆಸರುಗಳ ಸೊಗಸು ಹಾಗಿರಲಿ, ಅಂತರಗಳನ್ನು ಕಳೆದು ನೋಡಿ: 6, 8, 9, 12, 13, 15. ಮೇಲೆ ಹೋದಂತೆ ಅಂತರ ಹಿಗ್ಗುತ್ತದೆ. ಐವತ್ತು ಕಿಲೊ ಆಸಾಮಿಗೆ ಐದು ಕಿಲೊ ಎಂದರೆ ಹತ್ತನೇ ಒಂದು ಪಾಲು. ನೂರು ಕಿಲೊದವನಿಗೆ ಇಪ್ಪತ್ತನೇ ಒಂದು. ಈ ಅನುಪಾತದ ಅರಿವು ಆ ಕೋಷ್ಟಕದಲ್ಲಿ ಕಾಣುತ್ತದೆ.

ತಮಾಷೆಯೆಂದರೆ, ವರ್ಗಗಳು ಬಂದ ಮೇಲೂ ಜನರಿಗೆ ಅವುಗಳನ್ನು ಮುರಿದು ನೋಡುವ ಚಪಲ ತಪ್ಪಲಿಲ್ಲ. ಹಾಗೆ ಮುರಿದವರಲ್ಲಿ ಅಗ್ರಗಣ್ಯ ಬಾಬ್ ಫಿಟ್ಸಿಮನ್ಸ್. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಕಮ್ಮಾರಿಕೆ ಮಾಡಿದವನು. ಕಾಲುಗಳು ಕಡ್ಡಿ; ಕುಲುಮೆಯ ಸುತ್ತಿಗೆ ಎತ್ತಿ ಎತ್ತಿ ಬೆಳೆದ ಭುಜಗಳು ಮಾತ್ರ ಭಾರಿ ಆಳಿನವು. 1891ರಲ್ಲಿ ಮಧ್ಯಮ ತೂಕದ ಪಟ್ಟ ಗೆದ್ದು, 1897ರ ಮಾರ್ಚ್ 17ರಂದು ಕಾರ್ಸನ್ ಸಿಟಿಯಲ್ಲಿ ಸುಮಾರು 76 ಕಿಲೊ ತೂಕದ ಆತ 83 ಕಿಲೊದ ಜೇಮ್ಸ್ ಕಾರ್ಬೆಟ್‌ನನ್ನು ಎದೆಗೂಡಿನ ಕೆಳಗೆ ಒಂದೇ ಗುದ್ದಿನಿಂದ ಕುಸಿಯುವಂತೆ ಮಾಡಿ ಭಾರಿ ತೂಕದ ಪಟ್ಟವನ್ನೂ ಪಡೆದ. 1900ರಲ್ಲಿ ತನಗಿಂತ ಹೆಚ್ಚು ಕಡಿಮೆ ಎರಡರಷ್ಟು ತೂಕದ ಎಡ್ ಡಂಕ್‌ಹಾರ್ಸ್ಟ್‌ನನ್ನೂ ಕೆಡವಿದ. ದೊಡ್ಡವರಾದಷ್ಟೂ ಬೀಳುವ ರಭಸ ಹೆಚ್ಚು ಎಂಬ ಮಾತನ್ನು ಅವನ ಹೆಸರಿಗೇ ಅಂಟಿಸುತ್ತಾರೆ. ಆದರೆ ಅದೇ ಫಿಟ್ಸಿಮನ್ಸ್ ಜೇಮ್ಸ್ ಜೆಫ್ರೀಸ್ ಎಂಬ ದೈತ್ಯನ ಮುಂದೆ 1899 ಮತ್ತು 1902ರಲ್ಲಿ ಎರಡು ಬಾರಿ ನೆಲಕಚ್ಚಿದ. ಎರಡನೆಯ ಬಾರಿ ಜೆಫ್ರೀಸ್‌ನ ಮುಖವನ್ನು ಗುರುತು ಸಿಗದಂತೆ ಸೀಳಿದ್ದರೂ ಪ್ರಯೋಜನವಾಗಲಿಲ್ಲ. ಗಾದೆ ಮಾಡುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

1909ರಲ್ಲಿ ಮಧ್ಯಮ ತೂಕದ ಸ್ಟ್ಯಾನ್ಲಿ ಕೆಚೆಲ್ ಭಾರಿ ತೂಕದ ಜಾಕ್ ಜಾನ್ಸನ್‌ನೊಡನೆ ಇಳಿದು, ಹನ್ನೆರಡನೆಯ ಸುತ್ತಿನಲ್ಲಿ ಅವನನ್ನು ಒಮ್ಮೆ ಕೆಳಗೆ ಬೀಳಿಸಿದ. ಜಾನ್ಸನ್ ಎದ್ದು ನಿಂತು ಕೊಟ್ಟ ಮರುಗುದ್ದಿಗೆ ಕೆಚೆಲ್‌ನ ಪ್ರಜ್ಞೆ ಹಾರಿತು. 1919ರಲ್ಲಿ 85 ಕಿಲೊದ ಜಾಕ್ ಡೆಂಪ್ಸಿ 111 ಕಿಲೊದ ಜೆಸ್ ವಿಲ್ಲರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದ. 1934ರಲ್ಲಿ ಇಟಲಿಯ ಪ್ರೀಮೊ ಕಾರ್ನೆರಾ ತನಗಿಂತ 86 ಪೌಂಡ್ ಹಗುರದ ಟಾಮಿ ಲೌಘ್ರನ್‌ನನ್ನು ಅಂಕಗಳಲ್ಲಿ ಸೋಲಿಸಿದ. ವಿದ್ಯೆಯಲ್ಲಿ ಲೌಘ್ರನ್ ಎಷ್ಟೋ ಮೇಲು, ಆದರೆ ಹದಿನೈದು ಸುತ್ತು ಆ ಗುಡ್ಡದ ಭಾರ ಹೊರಬೇಕಾಯಿತು.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಉಳಿದಿರುವುದು ಬಿಲ್ಲಿ ಕಾನ್‌ನ ಕಥೆ. ಪಿಟ್ಸ್‌ಬರ್ಗಿನ ಈ ಚೆಲುವ ಲೈಟ್ ಹೆವಿ ಪಟ್ಟವನ್ನು ಬಿಟ್ಟುಕೊಟ್ಟು, 1941ರ ಜೂನ್ 18ರಂದು ನ್ಯೂಯಾರ್ಕಿನಲ್ಲಿ ಜೋ ಲೂಯಿಸ್‌ನನ್ನು ಎದುರಿಸಿದ. ಅಂತರ ಪ್ರಕಟಿತ ಲೆಕ್ಕದಲ್ಲೇ 25 ಪೌಂಡ್. ಅಂತರ ನಾಚಿಕೆಗೇಡು ಎನ್ನಿಸದಿರಲೆಂದು ಕಾನ್‌ನ ತೂಕವನ್ನು ಏರಿಸಿ ಹೇಳಿದ್ದರೆಂಬ ಮಾತೂ ಇದೆ. ಹನ್ನೆರಡು ಸುತ್ತು ಕಾನ್ ಲೂಯಿಸ್‌ನ ಸುತ್ತ ನೃತ್ಯವಾಡಿದ. ಮೂವರು ತೀರ್ಪುಗಾರರ ಪೈಕಿ ಇಬ್ಬರ ಲೆಕ್ಕದಲ್ಲಿ ಮುಂದಿದ್ದ, ಮೂರನೆಯವರಲ್ಲಿ ಸಮ. ಇನ್ನು ಮೂರು ಸುತ್ತು ದೂರವಿದ್ದರೆ ಸಾಕಿತ್ತು. ಹದಿಮೂರನೆಯ ಸುತ್ತಿನಲ್ಲಿ ಲೂಯಿಸ್‌ನನ್ನು ಕೆಡವಿಯೇ ಗೆಲ್ಲುತ್ತೇನೆಂದು ಹತ್ತಿರ ನಿಂತು ಗುದ್ದಾಟಕ್ಕಿಳಿದ. ಸುತ್ತು ಮುಗಿಯಲು ಎರಡು ಸೆಕೆಂಡ್ ಇದ್ದಾಗ ಕಾನ್ ನೆಲದ ಮೇಲಿದ್ದ. ಸಣ್ಣಾಳಿಗೆ ಗೆಲ್ಲುವ ದಾರಿ ಉಂಟು, ಆದರೆ ಅದು ಒಂದೇ ಒಂದು ದಾರಿ, ಮತ್ತು ಅದರಲ್ಲಿ ಒಂದು ಹೆಜ್ಜೆಯೂ ತಪ್ಪುವಂತಿಲ್ಲ. ದೊಡ್ಡಾಳು ಹನ್ನೆರಡು ಸುತ್ತು ತಪ್ಪುತ್ತಾ ಹೋಗಿ ಹದಿಮೂರನೆಯದರಲ್ಲಿ ಸರಿಮಾಡಿಕೊಳ್ಳಬಹುದು.

ಹಾಗೆಂದು ಗಾತ್ರ ಬೆಳೆದಷ್ಟೂ ಲಾಭ ಎಂದಲ್ಲ. ಆಕಾರ ದೊಡ್ಡದಾದಂತೆ ಭಾರವು ಉದ್ದದ ಘನದಂತೆಯೂ ಮೂಳೆ ಸ್ನಾಯುಗಳ ಶಕ್ತಿ ವರ್ಗದಂತೆ ಮಾತ್ರವೂ ಏರುತ್ತದೆ ಎಂದು ಗೆಲಿಲಿಯೋ 1638ರಲ್ಲೇ ತೋರಿಸಿದ್ದ. ಒಂದು ಹಂತದ ಮೇಲೆ ದೇಹ ತನ್ನನ್ನು ತಾನು ಹೊರುವುದಕ್ಕೇ ದಣಿಯುತ್ತದೆ. ಏಳಡಿ ಎತ್ತರದ, 143 ಕಿಲೊದ ರಷ್ಯಾದ ನಿಕೊಲಾಯ್ ವಾಲುಯೆವ್‌ನನ್ನು 2009ರಲ್ಲಿ 98 ಕಿಲೊದ ಡೇವಿಡ್ ಹೇ ಸುತ್ತಾಡಿಸಿಯೇ ಸೋಲಿಸಿದ. 2024ರ ಮೇ ತಿಂಗಳಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 101 ಕಿಲೊ ತೂಗುತ್ತ 119 ಕಿಲೊದ ಟೈಸನ್ ಫ್ಯೂರಿಯನ್ನು ಗೆದ್ದ. ಡಿಸೆಂಬರಿನ ಮರುಪಂದ್ಯಕ್ಕೆ ಫ್ಯೂರಿ ಇನ್ನೂ ಎಂಟು ಕಿಲೊ ಏರಿಸಿಕೊಂಡು ಬಂದ, ಮತ್ತೆ ಸೋತ. ಆದರೆ ಉಸಿಕ್‌ನೂ ನೂರು ಕಿಲೊ ದಾಟಿದವನೇ ಎಂಬುದನ್ನು ಮರೆಯಬಾರದು. ಇದೇ ಹದಿನೆಂಟು ಕಿಲೊ ಅಂತರವನ್ನು ಐವತ್ತು ಕಿಲೊದವನ ಎದುರು ಇಟ್ಟರೆ ಅದು ಕ್ರೀಡೆಯಲ್ಲ, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ನಮ್ಮ ಮೈಸೂರು ಸೀಮೆಯ ನಾಡಕುಸ್ತಿಯಲ್ಲಿ ದಸರೆಗೆ ಮುನ್ನ "ಜೋಡಿ ಕಟ್ಟುವುದು" ಎಂಬ ಕಾರ್ಯವಿದೆ. ಹಿರಿಯ ಉಸ್ತಾದರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು, ವಯಸ್ಸು, ತೂಕ, ಅನುಭವ ನೋಡಿ ಜೋಡಿ ಗೊತ್ತುಮಾಡುತ್ತಾರೆ. ತಕ್ಕಡಿಗೆ ಕಾಣುವುದು ತೂಕವೊಂದೇ. ಉಸ್ತಾದರ ಕಣ್ಣಿಗೆ ಕಾಣುವುದು ಹೆಚ್ಚು. ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದ ರೀತಿಯೇ ಬೇರೆ. ತಲೆಯಲ್ಲಿ ಮೊದಲ ರಕ್ತ ಚಿಮ್ಮಿದೊಡನೆ ನಿಲ್ಲಿಸಿಬಿಡುವುದರಿಂದ ಅಲ್ಲಿ ಭಾರಕ್ಕಿಂತ ಚುರುಕಿಗೇ ಬೆಲೆ. ಭಾರಕ್ಕೆ ತನ್ನ ಕೆಲಸ ಮಾಡಲು ಸಮಯ ಬೇಕು. ಸಮಯವನ್ನು ಮೊಟಕುಗೊಳಿಸುವುದೂ ಒಂದು ಬಗೆಯ ನ್ಯಾಯವೇ.

ತಕ್ಕಡಿಯ ನ್ಯಾಯಕ್ಕೂ ಕಳ್ಳದಾರಿ ಹುಡುಕಿದವರುಂಟು. ಹಿಂದೆ ಪಂದ್ಯದ ದಿನ ಬೆಳಿಗ್ಗೆಯೇ ತೂಕ ನೋಡುತ್ತಿದ್ದರು. 1980ರ ದಶಕದಿಂದ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹಿಂದಿನ ದಿನವೇ ನೋಡುವ ರೂಢಿ ಬಂತು. ಉಪವಾಸದಿಂದ ಬಳಲಿದವರು ಚೇತರಿಸಿಕೊಳ್ಳಲಿ ಎಂಬ ಸದುದ್ದೇಶವೇ ಇದಕ್ಕೆ ಕಾರಣ. ಆದದ್ದೇನು? ಬೆವರಿಳಿಸಿ, ನೀರು ಬಿಟ್ಟು, ಮೈಯನ್ನು ಒಣಗಿಸಿ ಕೆಳಗಿನ ವರ್ಗದಲ್ಲಿ ತೂಗಿಸಿಕೊಂಡು, ಮರುದಿನ ರಾತ್ರಿಯೊಳಗೆ ಮೇಲಿನ ವರ್ಗದ ಆಳಾಗಿ ಕಣಕ್ಕಿಳಿಯುವ ವಿದ್ಯೆ ಬೆಳೆಯಿತು. 2000ದ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ಆರ್ಟುರೊ ಗಟ್ಟಿ ಮತ್ತು ಜೋಯಿ ಗಮಾಶ್ ನಡುವೆ 141 ಪೌಂಡ್ ಮಿತಿಯ ಪಂದ್ಯ ನಡೆಯಿತು. ಪಂದ್ಯದ ರಾತ್ರಿ ಗಟ್ಟಿ 160 ಪೌಂಡ್ ತೂಗುತ್ತಿದ್ದ, ಗಮಾಶ್ 145. ಎರಡನೆಯ ಸುತ್ತಿನಲ್ಲಿ ಗಮಾಶ್ ಪ್ರಜ್ಞೆ ತಪ್ಪಿ ಬಿದ್ದ. ಮಿದುಳಿಗೆ ಪೆಟ್ಟಾಗಿ ಮತ್ತೆಂದೂ ಕಣಕ್ಕಿಳಿಯಲಿಲ್ಲ. ಹಿಂದಿನ ದಿನ ತಕ್ಕಡಿಯನ್ನು ಸರಿಯಾಗಿ ನೋಡಲೇ ಇಲ್ಲವೆಂದು ಆತ ದಾವೆ ಹೂಡಿದ. ತೂಕ ನೋಡಿದ್ದರಲ್ಲಿ ನಿರ್ಲಕ್ಷ್ಯವಿತ್ತೆಂದು ನ್ಯಾಯಾಲಯ 2010ರಲ್ಲಿ ಒಪ್ಪಿತು, ಪರಿಹಾರವನ್ನು ಮಾತ್ರ ಕೊಡಿಸಲಿಲ್ಲ. ಮೈ ಒಣಗಿಸುವ ಈ ಪದ್ಧತಿಯೇ ಮಾರಕ ಎಂಬುದಕ್ಕೂ ಸಾಕ್ಷಿಯಿದೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಸತ್ತರು. ಪ್ಯಾರಿಸ್‌ನಲ್ಲಿ ನಮ್ಮ ಕುಸ್ತಿಪಟು ವಿನೇಶ್ ಫೋಗಟ್ ನೂರು ಗ್ರಾಂ ಹೆಚ್ಚಾಗಿ ಅನರ್ಹಗೊಂಡಾಗ ನಾವೆಲ್ಲ ತಕ್ಕಡಿಯನ್ನು ಶಪಿಸಿದೆವು. ಆ ನೋವು ನನಗೂ ಆಯಿತು. ಆದರೆ ಹಿಂದಿನ ರಾತ್ರಿಯೆಲ್ಲ ಆ ಹುಡುಗಿ ಅನ್ನ ನೀರು ಬಿಟ್ಟು ಬೆವರಿಳಿಸಬೇಕಾಗಿ ಬಂದದ್ದೇಕೆ ಎಂದು ಕೇಳಿದವರು ಕಡಿಮೆ.

ಗೆರೆ ಎಳೆಯುವವರು ಎಲ್ಲಿ ಎಳೆಯುತ್ತಾರೆ ಎಂಬುದರ ಮೇಲೂ ಒಬ್ಬರ ಬಾಳು ನಿಂತಿರುತ್ತದೆ. ಮಣಿಪುರದ ಮೇರಿ ಕೋಮ್ ಐದಡಿ ಎರಡಂಗುಲದ ಹೆಣ್ಣುಮಗಳು. 2002ರಿಂದ 2010ರವರೆಗೆ ಆಕೆ ಗೆದ್ದ ಐದು ವಿಶ್ವ ಚಾಂಪಿಯನ್ ಪಟ್ಟಗಳೂ 45, 46, 48 ಕಿಲೊ ವರ್ಗಗಳಲ್ಲಿ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಮೊದಲ ಬಾರಿಗೆ ಮಹಿಳಾ ಬಾಕ್ಸಿಂಗ್ ಬಂದಾಗ ಇಟ್ಟದ್ದು ಮೂರೇ ವರ್ಗ: 51, 60, 75. ಎಲ್ಲರೂ ತೂಕ ಇಳಿಸಲು ಒದ್ದಾಡಿದರೆ ಆಕೆ ಏರಿಸಲು ಒದ್ದಾಡಿದರು. ತಮಗಿಂತ ಎತ್ತರದ, ಉದ್ದ ತೋಳಿನವರ ನಡುವೆ ನಿಂತರು. ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ನಿಕೋಲಾ ಆಡಮ್ಸ್ ಎದುರು 6-11ರಿಂದ ಸೋತು ಕಂಚು ತಂದರು. 2018ರಲ್ಲಿ ದೆಹಲಿಯಲ್ಲಿ ಮತ್ತೆ ತಮ್ಮದೇ 48 ಕಿಲೊಗೆ ಇಳಿದು ಆರನೆಯ ವಿಶ್ವ ಪಟ್ಟ ಗೆದ್ದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿಯೂ ಕನಿಷ್ಠ ವರ್ಗ 51 ಕಿಲೊವೇ ಆಗಿತ್ತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು 50ಕ್ಕೆ ಇಳಿಸುವ ಹೊತ್ತಿಗೆ ಮೇರಿ ಕೋಮ್ ಒಲಿಂಪಿಕ್ ಬಾಕ್ಸಿಂಗ್‌ನ ನಲವತ್ತರ ವಯೋಮಿತಿಯನ್ನು ದಾಟಿದ್ದರು.